ಒಣದ್ರಾಕ್ಷಿಯಿಂದಲೇ ಶುರು ಮಾಡಿ, ಮೇಡಂ

ವಿಜಯಪುರದ ಕಾಲೇಜಿನ ಉಪನ್ಯಾಸಕಿಯೊಬ್ಬರು ಕೇಳಿದ್ದಾರೆ: 'ಹೊರದೇಶಕ್ಕೆ ಓದಲು ಹೋಗಬೇಕೆನ್ನುವ ನಮ್ಮ ಆರು ಮಕ್ಕಳು ಇಂಗ್ಲಿಷ್ ಭಾಷೆಯ ಪರೀಕ್ಷೆಯಾದ ಐಇಎಲ್‌ಟಿಎಸ್‌ಗೆ ಪ್ರಬಂಧಗಳನ್ನು ಬಾಯಿಪಾಠ ಮಾಡುತ್ತಿದ್ದಾರೆ. ಎಲ್ಲರೂ ಕನ್ನಡ ಮಾಧ್ಯಮದವರು. ನಾನು ಹೇಗೆ ಸಹಾಯ ಮಾಡಲಿ?'

ಮೇಡಂ, ಮೊದಲು ಆ ಬಾಯಿಪಾಠ ಬಿಡಿಸಿ. ಅದು ಪರೀಕ್ಷಕರಿಗೆ ಬೇಗ ಗೊತ್ತಾಗುತ್ತದೆ, ಬ್ಯಾಂಡ್, ಅಂದರೆ ಅಂಕದ ಮಟ್ಟ, ಇಳಿಯುತ್ತದೆ. ಕನ್ನಡ ಮಾಧ್ಯಮ ಅಂತ ನಾಚಿಕೊಳ್ಳುವ ಮಕ್ಕಳನ್ನು ಕಂಡರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಮಾತಿನ ಪರೀಕ್ಷೆ 11ರಿಂದ 14 ನಿಮಿಷ. ನಡುವೆ ಒಂದು ವಿಷಯದ ಚೀಟಿ ಕೊಡುತ್ತಾರೆ. ಯೋಚಿಸಲು 1 ನಿಮಿಷ, ಮಾತಾಡಲು 2 ನಿಮಿಷದವರೆಗೆ. ನಮ್ಮ ಮಕ್ಕಳು ತಡವರಿಸುವುದು ಅಲ್ಲೇ. ಹೇಳೋಕೆ ಏನೂ ಇಲ್ಲ ಅಂತಲ್ಲ, ತಮ್ಮ ಊರು ಮನೆಯ ಮಾತು ಇಂಗ್ಲಿಷಿಗೆ ಸಲ್ಲದು ಅಂದುಕೊಂಡಿರುತ್ತಾರೆ, ಅಲ್ವಾ?

ತಿಕೋಟಾ ಕಡೆಯ ದ್ರಾಕ್ಷಿ ಬೆಳೆಗಾರರ ಮನೆಯ ಹುಡುಗನಿದ್ದರೆ ಒಣದ್ರಾಕ್ಷಿ ಹೇಗೆ ಮಾಡ್ತೀರಿ ಅಂತ ಕೇಳಿ. ಗೊನೆ ಕೊಯ್ಯುವುದು, ದ್ರಾವಣದಲ್ಲಿ ಅದ್ದುವುದು, ಶೆಡ್ಡಿನ ಬಲೆಗಳ ಮೇಲೆ ಹರಡಿ ನೆರಳಲ್ಲಿ ಒಣಗಿಸುವುದು, ಕಡ್ಡಿ ಬಿಡಿಸುವುದು, ಬಣ್ಣ ನೋಡಿ ಬೇರೆ ಮಾಡುವುದು, ಎಲ್ಲ ಅವನಿಗೆ ಕೈಯಲ್ಲೇ ಗೊತ್ತು. ಮೊದಲು ಕನ್ನಡದಲ್ಲಿ ಹೇಳಲಿ. ಆಮೇಲೆ ಅದನ್ನೇ ಇಂಗ್ಲಿಷಿನಲ್ಲಿ ಹೇಳಿ ಮೊಬೈಲಿನಲ್ಲಿ ರೆಕಾರ್ಡ್ ಮಾಡಲಿ. ಎಲ್ಲಿ ನಿಂತೆ ಅನ್ನೋದು ಕೇಳಿದಾಗ ಅವನಿಗೇ ತಿಳಿಯುತ್ತದೆ. ನೀವು ಸುಮ್ನೆ ಎದುರಿಗೆ ಕೂತು ಕೇಳಿ, ನಡುವೆ ತಿದ್ದಬೇಡಿ.

ಇದು ಬರವಣಿಗೆಗೂ ಬರುತ್ತದೆ. ಉನ್ನತ ಓದಿಗೆ ಹೋಗುವವರು ಬರೆಯುವ ಅಕಾಡೆಮಿಕ್ ಪರೀಕ್ಷೆಯ ಮೊದಲ ಬರಹದಲ್ಲಿ ಒಂದು ವಸ್ತು ತಯಾರಾಗುವ ಹಂತಗಳ ಚಿತ್ರ ಕೊಟ್ಟು ಕನಿಷ್ಠ 150 ಪದಗಳಲ್ಲಿ ವಿವರಿಸಿ ಅನ್ನುವುದುಂಟು. ಎರಡನೆಯದು ಕನಿಷ್ಠ 250 ಪದ, ಅದರ ತೂಕ ಮೊದಲನೆಯದರ ಎರಡು ಪಟ್ಟು. 60 ನಿಮಿಷದಲ್ಲಿ 40 ನಿಮಿಷ ಅದಕ್ಕೇ ಇಡಿಸಿ.

ನಮ್ಮ ಕಡೆಯ ಉಚ್ಚಾರಕ್ಕೆ ಹೆದರಬೇಕಿಲ್ಲ. ಮಾತು ಸ್ಪಷ್ಟವಾಗಿ ತಿಳಿಯಬೇಕು, ಅಷ್ಟೇ. ಬೇರೆಯವರ ಹಾಗೆ ನಾಲಿಗೆ ತಿರುಗಿಸಲು ಹೋದರೆ ಇರುವ ಮಾತೂ ಕೆಡುತ್ತದೆ.

ಕೇಳುವ ಭಾಗದಲ್ಲಿ ಆಡಿಯೊ ಒಂದೇ ಸಲ ಹಾಕುತ್ತಾರೆ. 'ಎರಡು ಪದ ಮೀರಬಾರದು' ಅಂದಲ್ಲಿ ಮೂರು ಬರೆದರೆ ಅಂಕ ಇಲ್ಲ, ಕಾಗುಣಿತ ತಪ್ಪಿದರೂ ಇಲ್ಲ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲವಾದ್ದರಿಂದ ಏನನ್ನೂ ಖಾಲಿ ಬಿಡಬಾರದು.

ಇನ್ನೊಂದು ಮಾತು. ಮೊದಲ ವರ್ಷದವರು ಈಗಲೇ ಪರೀಕ್ಷೆ ಕಟ್ಟುತ್ತೇವೆ ಅಂದರೆ ತಡೆಯಿರಿ. ಈ ಫಲಿತಾಂಶ ಸಾಮಾನ್ಯವಾಗಿ 2 ವರ್ಷ ಮಾತ್ರ ನಡೆಯುತ್ತದೆ, ಅವರು ಅರ್ಜಿ ಹಾಕುವ ಹೊತ್ತಿಗೆ ಮತ್ತೆ ಫೀಸು ಕಟ್ಟಿ ಬರೆಯಬೇಕಾಗುತ್ತದೆ.