ಓದುಗರ ಪ್ರಶ್ನೆ: ಬೆನ್ನು ನುಂಗಿದ ಅಕ್ಷರಗಳು

ಪ್ರಶ್ನೆ: ನನ್ನ ಕಥಾಸಂಕಲನ ಡೆಮಿ 1/8 ಅಳತೆಯಲ್ಲಿ 198 ಪುಟವಾಗಿತ್ತು. ಫಾರಂ (ಒಟ್ಟಿಗೆ ಅಚ್ಚಾಗುವ 16 ಪುಟಗಳ ಕಂತೆ) ಲೆಕ್ಕಕ್ಕೆ 192 ಆಗಲೆಂದು ಡಿಟಿಪಿಯವರು ನಾಲ್ಕೂ ಕಡೆ ಅಂಚನ್ನು 10 ಮಿ.ಮೀ.ಗೆ ಇಳಿಸಿದರು. ಅಚ್ಚಾಗಿ ಬಂದಾಗ ನೋಡಿದರೆ ಎಡಪುಟದ ಸಾಲಿನ ಕೊನೆಯ ಅಕ್ಷರಗಳೆಲ್ಲ ಬೆನ್ನಿನೊಳಗೆ ಸೇರಿಹೋಗಿವೆ. ಎರಡನೇ ಮುದ್ರಣಕ್ಕೆ ಏನು ಮಾಡಲಿ?
— ಲೇಖಕಿ, ಶಿರಸಿ

ಉತ್ತರ: ಕಂಪ್ಯೂಟರಿನ ಪರದೆಗೆ ಬೆನ್ನಿಲ್ಲ. ಅಲ್ಲಿ 10 ಮಿ.ಮೀ. ಅಂಚು ಧಾರಾಳವಾಗಿಯೇ ಕಾಣುತ್ತದೆ. ಪರ್ಫೆಕ್ಟ್ ಬೈಂಡಿಂಗ್‌ನಲ್ಲಿ (ಹೊಲಿಗೆಯಿಲ್ಲದೆ ಬೆನ್ನಿಗೆ ಅಂಟು ಹಾಕುವ ವಿಧಾನ) ಅಂಟು ಹಿಡಿಯಲೆಂದು ಬೆನ್ನಿನ ಮಡಿಕೆಯನ್ನು 2–3 ಮಿ.ಮೀ. ಸವೆಸುತ್ತಾರೆ. ಪುಸ್ತಕ ಪೂರ್ತಿ ಚಪ್ಪಟೆಯಾಗಿ ಬಿಚ್ಚಿಕೊಳ್ಳುವುದಿಲ್ಲವಾದ್ದರಿಂದ ಇನ್ನೂ 5–6 ಮಿ.ಮೀ. ಬಾಗಿನಲ್ಲಿ ಮರೆಯಾಗುತ್ತದೆ. ಉಳಿಯುವುದು ಕೂದಲೆಳೆಯಷ್ಟು. ಓದುವವರು ಒತ್ತಿ ಬಿಚ್ಚುತ್ತಾರೆ, ಅಂಟು ಬಿರಿದು ಹಾಳೆ ಉದುರುತ್ತದೆ.

ಕತ್ತರಿಸಿದ ಡೆಮಿ 1/8 ಪುಟ ಸುಮಾರು 140 × 215 ಮಿ.ಮೀ. ಇರುತ್ತದೆ. ಒಳಗೆ 20, ಹೊರಗೆ 15, ಮೇಲೆ 16, ಕೆಳಗೆ 19 ಮಿ.ಮೀ. ಬಿಡಿ, ಸಾಲಿಗೆ 105 ಮಿ.ಮೀ. ಸಿಗುತ್ತದೆ. ವರ್ಡ್‌ನ ಪೇಜ್ ಸೆಟಪ್‌ನಲ್ಲಿ ‘ಮಿರರ್ ಮಾರ್ಜಿನ್ಸ್’ ಆರಿಸಿ. ಇಲ್ಲದಿದ್ದರೆ ಎಡಪುಟದಲ್ಲಿ ಅಗಲದ ಅಂಚು ಹೊರಗೆ ಹೋಗಿ ಕೂರುತ್ತದೆ. ಹೊಲಿಗೆ ಬೈಂಡಿಂಗ್‌ಗೆ ಒಳ ಅಂಚು 17 ಸಾಕು, ಪಕ್ಕದಿಂದ ಪಿನ್ ಹೊಡೆಯುವುದಾದರೆ 25 ಬೇಕು.

ಇನ್ನು ಆ ಆರು ಪುಟಗಳು. ಅಂಚನ್ನು ಮುಟ್ಟದೆಯೂ ಅವನ್ನು ಉಳಿಸಬಹುದು. ಪುಟಕ್ಕೆ 30 ಸಾಲು, ಸಾಲಿಗೆ 17 ಪಾಯಿಂಟ್ (ಒಂದು ಪಾಯಿಂಟ್ ಸುಮಾರು 0.35 ಮಿ.ಮೀ.) ಅಂತರವಿದ್ದರೆ ಒಟ್ಟು ಎತ್ತರ 180 ಮಿ.ಮೀ. ಅಂತರವನ್ನು 16.4 ಪಾಯಿಂಟ್ ಮಾಡಿದರೆ ಅಷ್ಟೇ ಎತ್ತರದಲ್ಲಿ 31 ಸಾಲು ಕೂರುತ್ತವೆ. 198 ಪುಟದ 5,940 ಸಾಲುಗಳು 31ರಂತೆ 192 ಪುಟಕ್ಕೆ ಬರುತ್ತವೆ, ಅಂದರೆ ಸರಿಯಾಗಿ 12 ಫಾರಂ. ಕಾಗದದ ಮೇಲಿನ ಲೆಕ್ಕ ಇದು. ಪ್ರತಿ ಕಥೆಯೂ ಹೊಸ ಪುಟದಲ್ಲಿ ಶುರುವಾಗುವುದರಿಂದ ಎಲ್ಲ ಕಡೆ ಉಳಿತಾಯ ಸಿಗುವುದಿಲ್ಲ. ಕೊನೆಯ ಪುಟಕ್ಕೆ ಮೂರು ನಾಲ್ಕು ಸಾಲು ಮಾತ್ರ ಹರಿದಿರುವ ಕಥೆಗಳನ್ನು ಮೊದಲು ನೋಡಿ. ಸಾಲಿನ ಅಂತರ ಇಳಿಸಿದ ಮೇಲೆ ‘ರಾಷ್ಟ್ರ’, ‘ಸ್ತ್ರೀ’ಯಂಥ ಎರಡು ಒತ್ತಿನ ಪದಗಳು ಕೆಳಸಾಲಿನ ಗುಡಿಸು, ಏತ್ವಗಳಿಗೆ ತಾಗುತ್ತವೆಯೇ ಎಂದು ಮುದ್ರಿಸಿ ನೋಡಲೇಬೇಕು. ತಾಗಿದರೆ ಹಟ ಬೇಡ. 200 ಪುಟಕ್ಕೆ ಹೋಗಿ, ಹನ್ನೆರಡೂವರೆ ಫಾರಂ ಆಗುತ್ತದೆ. ಅರ್ಧ ಫಾರಂ ಅಚ್ಚು ಹಾಕುವುದು ಪ್ರೆಸ್ಸಿನವರಿಗೆ ಹೊಸದಲ್ಲ.

ಪ್ರಶ್ನೆ: ನಮ್ಮ ಸಂಘದ ಸ್ಮರಣ ಸಂಚಿಕೆ ಎ4 ಅಳತೆಯದು, ಸುತ್ತ ಒಂದಿಂಚು ಅಂಚು, 12 ಪಾಯಿಂಟ್ ಅಕ್ಷರ. ಓದುವಾಗ ಸಾಲು ತಪ್ಪುತ್ತದೆ ಎಂಬ ದೂರು ಬಂತು. ಎರಡು ಕಾಲಂ ಮಾಡಿದರೆ ಪದಗಳ ನಡುವೆ ಹಳ್ಳ ಬೀಳುತ್ತದೆ.
— ಸಂಪಾದಕರು, ಮೈಸೂರು

ಉತ್ತರ: ಸಾಲಿನ ಉದ್ದ 159 ಮಿ.ಮೀ. ಆಗಿದೆ. 12 ಪಾಯಿಂಟ್‌ನಲ್ಲಿ ಹತ್ತಿರ ಹತ್ತಿರ 50 ಅಕ್ಷರ. ಕಣ್ಣು ಅಷ್ಟು ದೂರ ಹೋಗಿ ಹಿಂದಿರುಗುವಾಗ ಓದಿದ ಸಾಲಿಗೇ ಬರುತ್ತದೆ, ಇಲ್ಲವೇ ಒಂದನ್ನು ಹಾರಿಸುತ್ತದೆ. ಸಾಲಿಗೆ 45ರಿಂದ 75 ಅಕ್ಷರ ಎಂಬ ಪ್ರಸಿದ್ಧ ಸೂತ್ರ ರೋಮನ್ ಲಿಪಿಯದು. ಅದನ್ನು ಕನ್ನಡಕ್ಕೆ ಹಚ್ಚಬೇಡಿ. ನಮ್ಮ ಒಂದು ‘ಸ್ತ್ರೀ’ ಅವರ ಐದು ಅಕ್ಷರಗಳ ಕೆಲಸ ಮಾಡುತ್ತದೆ. ಕನ್ನಡಕ್ಕೆ 30–40 ಅಕ್ಷರ, ಅಂದರೆ ಆರೆಂಟು ಪದ, ಹಿತವಾದ ಸಾಲು. ಹತ್ತು ತುಂಬು ಸಾಲುಗಳ ಅಕ್ಷರ ಎಣಿಸಿ ಸರಾಸರಿ ತೆಗೆಯಿರಿ.

ಒಂದೇ ಕಾಲಂ ಇರಲಿ ಎಂದರೆ ಎಡಬಲ ತಲಾ 40 ಮಿ.ಮೀ. ಬಿಟ್ಟು 19 ಪಾಯಿಂಟ್ ಸಾಲಂತರ ಕೊಡಿ.

ಎರಡು ಕಾಲಮಿನ ಹಳ್ಳಕ್ಕೆ ಕಾರಣ ನಮ್ಮ ಉದ್ದ ಪದಗಳು. 75 ಮಿ.ಮೀ. ಕಾಲಮಿನಲ್ಲಿ 24 ಅಕ್ಷರ ಹಿಡಿಯುತ್ತವೆ. ‘ಮಾಡಬೇಕಾಗಿದ್ದರಿಂದ’ ಹಿಡಿಸದೆ ಕೆಳಗಿಳಿದರೆ ಏಳೆಂಟು ಅಕ್ಷರದ ಜಾಗ ಖಾಲಿ. ಎರಡೂ ಅಂಚು ಸಮ ಮಾಡುವ ‘ಜಸ್ಟಿಫೈ’ ಅದನ್ನು ಉಳಿದ ನಾಲ್ಕು ಪದಗಳ ನಡುವಿನ ಮೂರು ಸಂದಿಗೆ ಹಂಚುತ್ತದೆ. ಎಡಕ್ಕೆ ಮಾತ್ರ ಸಮವಾಗಿಡುವುದು ಸುಲಭದ ಮದ್ದು. ಬಲ ಅಂಚು ಏರುತಗ್ಗಾದರೆ ಮರ್ಯಾದೆಯೇನೂ ಹೋಗುವುದಿಲ್ಲ. ಸಮ ಬೇಕೇ ಬೇಕೆಂದರೆ ಅಚ್ಚಿನ ಮೊಳೆ ಜೋಡಿಸುವ ಕಾಲದಲ್ಲಿ ಮಾಡುತ್ತಿದ್ದಂತೆ ಪದ ಒಡೆಯಿರಿ: ‘ಮಾಡಬೇಕಾಗಿ-’ ಮೇಲೆ, ‘ದ್ದರಿಂದ’ ಕೆಳಗೆ. ಒತ್ತನ್ನು ಅದರ ಅಕ್ಷರದಿಂದ ಬೇರೆ ಮಾಡಬಾರದು, ಒಂಟಿ ಅಕ್ಷರವನ್ನು ಕೆಳಗಿಳಿಸಬಾರದು. ವರ್ಡ್‌ನಲ್ಲಿ ಕಂಟ್ರೋಲ್ ಒತ್ತಿ ಅಡ್ಡಗೆರೆ ಹಾಕಿದರೆ, ಪದ ಸಾಲಿನ ಕೊನೆಗೆ ಬಂದಾಗ ಮಾತ್ರ ಆ ಗೆರೆ ಅಚ್ಚಾಗುತ್ತದೆ.

ಪ್ರಶ್ನೆ: ಅಚ್ಚಿಗೆಂದು ಮಾಡಿದ ಎ4 ಪುಟವನ್ನೇ ಪಿಡಿಎಫ್ ಮಾಡಿ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಬಹುದೇ?
— ಓದುಗರು, ಕಲಬುರಗಿ

ಉತ್ತರ: 210 ಮಿ.ಮೀ. ಪುಟ 70 ಮಿ.ಮೀ. ಪರದೆಗೆ ಕುಗ್ಗಿದರೆ 12 ಪಾಯಿಂಟ್ ಅಕ್ಷರ 4 ಪಾಯಿಂಟ್ ಆಗುತ್ತದೆ. ಫೋನಿಗೆಂದೇ 90 × 160 ಮಿ.ಮೀ. ಪುಟ, 5 ಮಿ.ಮೀ. ಅಂಚು, 14 ಪಾಯಿಂಟ್ ಅಕ್ಷರ ಇಟ್ಟು ಬೇರೆ ಪ್ರತಿ ಮಾಡಿ. ಇಲ್ಲಿ ಬೈಂಡಿಂಗ್ ಇಲ್ಲ, ಸಣ್ಣ ಅಂಚು ಸಾಕು. ಜಸ್ಟಿಫೈ ಮಾತ್ರ ಬೇಡ.