ಅಪ್‌ಡೇಟ್ ಆದ ಮೇಲೆ ಉಬುಂಟು ಶುರುವಾಗುತ್ತಿಲ್ಲ

ಪ್ರಶ್ನೆ: ದಾವಣಗೆರೆಯಲ್ಲಿ ನಮ್ಮದು ಡಿಟಿಪಿ ಅಂಗಡಿ. ಕಂಪ್ಯೂಟರಿನಲ್ಲಿ ಉಬುಂಟು (ವಿಂಡೋಸ್‌ನಂಥ ಆಪರೇಟಿಂಗ್ ಸಿಸ್ಟಮ್) ಅಪ್‌ಡೇಟ್ ಆಗುವಾಗ ಕರೆಂಟ್ ಹೋಯಿತು. ಈಗ ಆನ್ ಮಾಡಿದರೆ ‘ಕರ್ನಲ್ ಪ್ಯಾನಿಕ್’ ಎಂದು ಬಂದು, ಕೊನೆಯಲ್ಲಿ ‘ಅನ್‌ನೋನ್ ಬ್ಲಾಕ್ (0,0)’ ತೋರಿಸಿ ನಿಂತುಬಿಡುತ್ತದೆ. ಫಾರ್ಮ್ಯಾಟ್ ಮಾಡಿಸಿ ಅಂತಾರೆ. ಗಿರಾಕಿಗಳ ಲಗ್ನಪತ್ರಿಕೆಗಳೆಲ್ಲ ಅದರಲ್ಲೇ ಇವೆ.

ಉತ್ತರ: ಫಾರ್ಮ್ಯಾಟ್ ಖಂಡಿತ ಬೇಡ. ಆ (0,0) ಬಂದರೆ ಡಿಸ್ಕ್ ಕೆಟ್ಟಿದೆ ಎಂದಲ್ಲ, ಕರ್ನಲ್‌ಗೆ (ಸಿಸ್ಟಮ್‌ನ ತಿರುಳಾದ ಪ್ರೋಗ್ರಾಂ) ರೂಟ್ ಪಾರ್ಟಿಷನ್ (ಡಿಸ್ಕ್‌ನಲ್ಲಿ ಉಬುಂಟು ಇರುವ ಭಾಗ) ಸಿಗಲಿಲ್ಲ ಎಂದರ್ಥ. ಡಿಸ್ಕ್ ಓದುವ ಡ್ರೈವರ್‌ಗಳು ಇನಿಟ್‌ರಾಮ್‌ಎಫ್‌ಎಸ್ ಎಂಬ ಫೈಲಿನಲ್ಲಿರುತ್ತವೆ. ಕರೆಂಟ್ ಹೋದದ್ದರಿಂದ ಹೊಸ ಕರ್ನಲ್‌ಗೆ ಅದು ತಯಾರಾಗದೆ ಉಳಿದಿರುವ ಸಾಧ್ಯತೆಯೇ ಹೆಚ್ಚು.

ಆನ್ ಮಾಡಿದ ಕೂಡಲೇ ಎಸ್ಕೇಪ್ ಕೀ ಒತ್ತಿ. ಹಳೆಯ ಬಯಾಸ್ (ಕಂಪ್ಯೂಟರನ್ನು ಶುರುಮಾಡುವ ಮದರ್‌ಬೋರ್ಡ್ ಪ್ರೋಗ್ರಾಂ) ಆದರೆ ಶಿಫ್ಟ್ ಹಿಡಿದಿರಿ. ಆಗ ಬರುವ ಗ್ರಬ್ ಮೆನುವಿನ (ಯಾವುದರಿಂದ ಶುರುಮಾಡಬೇಕೆಂದು ಆರಿಸುವ ಪಟ್ಟಿ) ‘ಅಡ್ವಾನ್ಸ್‌ಡ್ ಆಪ್ಷನ್ಸ್’ನಲ್ಲಿ ಹಳೆಯ ಕರ್ನಲ್ ಆರಿಸಿ. ಸಿಸ್ಟಮ್ ತೆರೆದುಕೊಂಡರೆ ಮೊದಲು ಪತ್ರಿಕೆಗಳನ್ನು ಪೆನ್‌ಡ್ರೈವ್‌ಗೆ ಹಾಕಿಕೊಳ್ಳಿ, ಉಳಿದದ್ದು ಆಮೇಲೆ.

ಟರ್ಮಿನಲ್‌ನಲ್ಲಿ (ಆದೇಶ ಟೈಪಿಸುವ ಕಿಟಕಿ) ‘ಸುಡೋ ಡಿಪಿಕೆಜಿ --ಕಾನ್ಫಿಗರ್ -ಎ’ ಕೊಡಿ (ಟೈಪಿಸುವುದು ಇಂಗ್ಲಿಷ್ ಸಣ್ಣಕ್ಷರದಲ್ಲಿ). ಅರ್ಧಕ್ಕೆ ನಿಂತ ಕೆಲಸ ಅಲ್ಲಿಂದಲೇ ಮುಂದುವರಿಯುತ್ತದೆ. ಜಾಗವಿಲ್ಲ ಎಂದು ಬೈದರೆ ‘ಡಿಎಫ್ -ಎಚ್ /ಬೂಟ್’ ಕೊಟ್ಟು, ಕರ್ನಲ್ ಫೈಲುಗಳಿರುವ /ಬೂಟ್ ಎಷ್ಟು ತುಂಬಿದೆ ನೋಡಿ. 100% ತುಂಬಿದ್ದರೆ ‘ಸುಡೋ ಆಪ್ಟ್ ಆಟೋರಿಮೂವ್ --ಪರ್ಜ್’ ಹಳೆಯ ಕರ್ನಲ್‌ಗಳನ್ನು ತೆಗೆಯುತ್ತದೆ. /ಬೂಟ್‌ನಲ್ಲಿ ಕೈಯಾರೆ ಫೈಲ್ ಅಳಿಸಲು ಹೋಗಬೇಡಿ, ಈಗ ಓಡುತ್ತಿರುವ ಕರ್ನಲ್ಲೇ ಹೋದೀತು. ಕೊನೆಗೆ ‘ಸುಡೋ ಅಪ್‌ಡೇಟ್-ಇನಿಟ್‌ರಾಮ್‌ಎಫ್‌ಎಸ್ -ಯು -ಕೆ ಆಲ್’, ‘ಸುಡೋ ಅಪ್‌ಡೇಟ್-ಗ್ರಬ್’ ಕೊಟ್ಟು ರೀಸ್ಟಾರ್ಟ್ ಮಾಡಿ.

ಯುಪಿಎಸ್ ಬ್ಯಾಟರಿ ಸರಿಯಿದೆಯೇ ನೋಡಿಸಿ. ಅದಿಲ್ಲದೆ ಅಪ್‌ಡೇಟ್‌ಗೆ ಕೈ ಹಾಕಬೇಡಿ.