ಸ್ಟೇಜ್‌ಗೆ ಯಾವ ಡ್ರಮ್ ಮಾಡ್ಯೂಲ್?

ಪ್ರಶ್ನೆ: ಎರಡು ವರ್ಷದಿಂದ ಮನೆಯಲ್ಲಿ ಎಲೆಕ್ಟ್ರಾನಿಕ್ ಡ್ರಮ್ಸ್ ನುಡಿಸುತ್ತಿದ್ದೇನೆ. ಈಗ ಬ್ಯಾಂಡ್ ಸೇರಿದ್ದೇನೆ. ಮೊದಲ ಶೋನಲ್ಲಿ ಕಿಕ್ (ಕಾಲಿನಲ್ಲಿ ಬಾರಿಸುವ ದೊಡ್ಡ ಡ್ರಮ್) ಕೇಳಿಸುತ್ತಿಲ್ಲ ಅಂತ ಸೌಂಡ್ ಇಂಜಿನಿಯರ್ ವಾಲ್ಯೂಮ್ ಏರಿಸಿದರೆ ಸಿಂಬಲ್ ಕಿವಿ ಕೊರೆಯಿತು. ಹೆಡ್‌ಫೋನ್‌ನಲ್ಲಿ ಮಾತ್ರ ಎಲ್ಲ ಚೆನ್ನಾಗಿರುತ್ತದೆ. ಜಾಸ್ತಿ ಸೌಂಡ್ ಇರುವ ಮಾಡ್ಯೂಲ್ (ಪ್ಯಾಡ್ ಮೇಲಿನ ಹೊಡೆತವನ್ನು ಸೌಂಡ್ ಮಾಡುವ ಪೆಟ್ಟಿಗೆ) ತೆಗೆದುಕೊಳ್ಳಲೇ? ಹಳೆ ಪ್ಯಾಡ್‌ಗಳು ಅದಕ್ಕೆ ಆಗುತ್ತವೆಯೇ?

ಉತ್ತರ: ಬೇಡ, ಸೌಂಡ್ ಎಣಿಸಿ ಕೊಳ್ಳಬೇಡಿ. ಒಂದು ಶೋನಲ್ಲಿ ನೀವು ಬಳಸುವುದು ಹೆಚ್ಚೆಂದರೆ ನಾಲ್ಕೈದು ಕಿಟ್ (ಸೌಂಡ್‌ಗಳ ಸೆಟ್), ಅಲ್ವಾ?

ನಿಮ್ಮ ತೊಂದರೆ ಇರುವುದು ಔಟ್‌ಪುಟ್‌ನಲ್ಲಿ. ಎಡ, ಬಲ ಎರಡೇ ಔಟ್ ಇದ್ದರೆ ಕಿಕ್, ಸ್ನೇರ್, ಸಿಂಬಲ್ ಎಲ್ಲ ಬೆರೆತೇ ಮಿಕ್ಸರ್‌ಗೆ ಹೋಗುತ್ತವೆ, ಆಮೇಲೆ ಇಂಜಿನಿಯರ್ ಎಷ್ಟೇ ಜಾಣರಾದರೂ ಕಿಕ್ ಒಂದನ್ನೇ ಏರಿಸಲು ಆಗುವುದಿಲ್ಲ. ಅದಕ್ಕೇ ಡೈರೆಕ್ಟ್ ಔಟ್, ಅಂದರೆ ಒಂದೊಂದು ಡ್ರಮ್ಮನ್ನು ಬೇರೆಯಾಗಿ ಹೊರಗೆ ಕಳಿಸುವ ಔಟ್, ಎಷ್ಟಿದೆ ಅಂತ ಮೊದಲು ನೋಡಿ. ರೋಲ್ಯಾಂಡ್ ಕಂಪನಿಯ ಟಿಡಿ-17 ಮಾಡ್ಯೂಲ್‌ನಲ್ಲಿ ಅದು ಇಲ್ಲವೇ ಇಲ್ಲ. ಟಿಡಿ-27ರಲ್ಲಿ 2 ಇವೆ, ಟಿಡಿ-50ರಲ್ಲಿ 8. ನನ್ನನ್ನು ಕೇಳಿದರೆ ನಿಮಗೆ 2 ಸಾಕು: ಒಂದರಲ್ಲಿ ಕಿಕ್, ಒಂದರಲ್ಲಿ ಸ್ನೇರ್, ಉಳಿದದ್ದು ಮಾಸ್ಟರ್‌ನಲ್ಲಿ, ಅಂದರೆ ಆ ಎಡ, ಬಲ ಔಟ್‌ನಲ್ಲಿ.

ಹೊಸದು ಕೊಳ್ಳುವ ಮುಂಚೆ ಒಂದು ಪ್ರಯೋಗ ಮಾಡಿ ನೋಡಿ. ಈಗಿರುವ ಮಾಡ್ಯೂಲ್‌ನಲ್ಲೇ ಕಿಕ್ ಪೂರ್ತಿ ಎಡಕ್ಕೆ ಪ್ಯಾನ್ ಮಾಡಿ, ಉಳಿದದ್ದೆಲ್ಲ ಬಲಕ್ಕೆ. ರಿವರ್ಬ್, ಆಂಬಿಯೆನ್ಸ್ ಆಫ್ ಮಾಡಿ, ಇಲ್ಲದಿದ್ದರೆ ಅದು ಎರಡೂ ಕಡೆ ಸೋರುತ್ತದೆ. ಹೇಗೂ ಹಾಲ್‌ಗೆ ಅದರದೇ ಗುಂಗು ಇರುತ್ತದೆ. ಎರಡು ಕೇಬಲನ್ನೂ ಡಿಐ ಬಾಕ್ಸ್ (ವಾದ್ಯದ ಸಿಗ್ನಲನ್ನು ಮಿಕ್ಸರ್‌ಗೆ ಹೊಂದಿಸುವ ಚಿಕ್ಕ ಪೆಟ್ಟಿಗೆ) ಮೂಲಕ ಬೇರೆ ಬೇರೆ ಚಾನೆಲ್‌ಗೆ ಕೊಡಿ. ಸ್ಟೀರಿಯೋ ಹೋಗುತ್ತದೆ ನಿಜ, ಆದರೆ ಕಿಕ್ ಇಂಜಿನಿಯರ್ ಕೈಗೆ ಸಿಗುತ್ತದೆ.

ಪ್ಯಾಡ್ ವಿಷಯ. ಒಂದೇ ಜೋನ್ (ಬೇರೆ ಸೌಂಡ್ ಕೊಡುವ ಜಾಗ) ಇರುವ ಪೀಜೋ (ಹೊಡೆತವನ್ನು ವಿದ್ಯುತ್ ಸಿಗ್ನಲ್ ಮಾಡುವ ಸೆನ್ಸರ್) ಪ್ಯಾಡ್ ಹೆಚ್ಚುಕಡಿಮೆ ಎಲ್ಲ ಮಾಡ್ಯೂಲ್‌ಗೂ ಹೊಂದುತ್ತದೆ. ತಕರಾರು ಬರುವುದು ಹೈಹ್ಯಾಟ್ (ಕಾಲಿನಿಂದ ತೆರೆದು ಮುಚ್ಚುವ ಸಿಂಬಲ್) ಕಂಟ್ರೋಲರ್ ಮತ್ತು ಮೂರು ಜೋನ್‌ನ ರೈಡ್ ಸಿಂಬಲ್‌ನಲ್ಲಿ, ಏಕೆಂದರೆ ಅವುಗಳ ವೈರಿಂಗ್ ಕಂಪನಿಯಿಂದ ಕಂಪನಿಗೆ ಬೇರೆ. ನಿಮ್ಮ ಹೈಹ್ಯಾಟನ್ನು ಅಂಗಡಿಗೆ ಜೊತೆಗೇ ಒಯ್ದು, ಅರ್ಧ ತೆರೆದ ಸೌಂಡ್ ಸರಿಯಾಗಿ ಬರುತ್ತದೆಯೇ ಅಂತ ನುಡಿಸಿ ನೋಡಿ.

ಸ್ಟೇಜ್‌ನಲ್ಲಿ ಇನ್ನೊಂದು ಕಾಟ ಇದೆ. ಬಾಸ್ ಸ್ಪೀಕರ್ ಪಕ್ಕದಲ್ಲಿದ್ದರೆ ಅದರ ನಡುಕಕ್ಕೇ ಪ್ಯಾಡ್ ತಾನಾಗಿ ಬಾರಿಸಿಕೊಳ್ಳುತ್ತದೆ. ಆಗ ಥ್ರೆಶ್‌ಹೋಲ್ಡ್ (ಎಷ್ಟು ಜೋರಾಗಿ ಹೊಡೆದರೆ ಸೌಂಡ್ ಬರಬೇಕು ಎಂಬ ಮಿತಿ) ಸ್ವಲ್ಪ ಏರಿಸಬೇಕು, ಒಂದು ಪ್ಯಾಡ್ ಹೊಡೆದರೆ ಪಕ್ಕದ್ದು ಕೂಗುತ್ತಿದ್ದರೆ ಕ್ರಾಸ್‌ಟಾಕ್ ಸೆಟ್ಟಿಂಗ್ ಏರಿಸಬೇಕು, ಅದೂ ಹಾಡು ಹಾಡಿನ ನಡುವಿನ ಅರೆ ನಿಮಿಷದಲ್ಲಿ. ಈ ಸೆಟ್ಟಿಂಗ್‌ಗಳು ಮೆನುವಿನ ಆಳದಲ್ಲಿ ಎಲ್ಲೋ ಅಡಗಿರುವ ಮಾಡ್ಯೂಲ್ ಎಷ್ಟೇ ಇಂಪಾಗಿದ್ದರೂ ನಾನಂತೂ ಸ್ಟೇಜ್‌ಗೆ ಒಯ್ಯುವುದಿಲ್ಲ.

ಕ್ಲಿಕ್ (ತಾಳ ತೋರಿಸುವ ಟಿಕ್ ಟಿಕ್ ಸದ್ದು) ಹಾಕಿಕೊಂಡು ನುಡಿಸುವವರಾದರೆ ಅದು ಹೆಡ್‌ಫೋನ್‌ಗೆ ಮಾತ್ರ ಹೋಗುವಂತೆ ಇಡಲು ಬರುತ್ತದೆಯೇ ಅಂತಲೂ ಕೇಳಿ. ಮತ್ತೆ, ಅಂಗಡಿಯಲ್ಲಿ ಕೊಡುವ ಹೆಡ್‌ಫೋನ್‌ನಲ್ಲಿ ಕೇಳಿ ಒಪ್ಪಿಕೊಳ್ಳಬೇಡಿ. ದೊಡ್ಡ ಸ್ಪೀಕರ್‌ಗೆ ಹಾಕಿಸಿ, ನೀವು ಹತ್ತು ಹೆಜ್ಜೆ ದೂರ ನಿಂತು, ಬೇರೆ ಯಾರಿಂದಲಾದರೂ ನುಡಿಸಿ ಕೇಳಿ.